ಹದಿಮೂರರ ನಾಯಿಗೆ ಅರಿವಳಿಕೆ ಕೊಡಿಸಬಹುದೇ?

ಪ್ರಶ್ನೆ: ನಮ್ಮ ಮನೆಯ ಬೆಳ್ಳಿಗೆ ಈಗ 13 ವರ್ಷ. ಬಿಳಿಯ ಪಮೇರಿಯನ್, ತೂಕ 9 ಕಿಲೋ. ಆರು ತಿಂಗಳಿಂದ ಅವಳ ಬಾಯಿಯ ವಾಸನೆ ಸಹಿಸಲಾಗುತ್ತಿಲ್ಲ. ಕಳೆದ ತಿಂಗಳು ಎಡಗಣ್ಣಿನ ಕೆಳಗೆ ಊದಿಕೊಂಡಿತ್ತು. ಆಂಟಿಬಯೋಟಿಕ್ ಕೊಟ್ಟ ಮೇಲೆ ಇಳಿಯಿತು. ಪೂರ್ಣ ಅರಿವಳಿಕೆ ಕೊಟ್ಟು ಹಲ್ಲು ಶುಚಿಗೊಳಿಸಿ, ಐದಾರು ಹಲ್ಲು ಕೀಳಬೇಕು ಎಂದು ಡಾಕ್ಟರು ಹೇಳಿದ್ದಾರೆ. ಹೃದಯದಲ್ಲಿ ಸಣ್ಣ ಮರ್ಮರ ಶಬ್ದವಿದೆ ಎಂದೂ ಹೇಳಿದರು. ನಮ್ಮ ಬೀದಿಯ ಒಂದು ನಾಯಿ ಇಂಥದ್ದೇ ಆಪರೇಷನ್‌ಗೆ ಹೋಗಿ ಎಚ್ಚರಗೊಳ್ಳಲೇ ಇಲ್ಲ. ಮಗ, ‘ಈ ವಯಸ್ಸಲ್ಲಿ ಬೇಡಮ್ಮ, ಊಟ ಮಾಡ್ತಿದ್ದಾಳಲ್ಲ’ ಎನ್ನುತ್ತಾನೆ. ಅರಿವಳಿಕೆ ಇಲ್ಲದೆಯೇ ಹಲ್ಲು ಶುಚಿ ಮಾಡಿಕೊಡುವವರೂ ಇದ್ದಾರಂತೆ. ನಾನು ಏನು ಮಾಡಲಿ?
– ನಿವೃತ್ತ ಶಿಕ್ಷಕಿ, ದಾವಣಗೆರೆ

ಉತ್ತರ: ಮೊದಲು ನಿಮ್ಮ ಮಗನ ಮಾತನ್ನೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ನನ್ನ ಬಳಿಗೆ ಬರುವ ಹೆಚ್ಚಿನ ಮನೆಯವರು ಹೇಳುವುದೂ ಅದನ್ನೇ. ಹಲ್ಲು ನೋಯುತ್ತಿದೆ ಎಂದು ನಾಯಿ ಊಟ ಬಿಡುವುದು ಅಪರೂಪ. ಹಾಗಾಗಿ ತಟ್ಟೆ ಖಾಲಿಯಾಯಿತೇ ಎಂಬುದಕ್ಕಿಂತ ಅದು ಹೇಗೆ ಖಾಲಿಯಾಯಿತು ಎಂಬುದನ್ನು ಗಮನಿಸಬೇಕು. ಇಂದು ರಾತ್ರಿ ಬೆಳ್ಳಿಯ ಪಕ್ಕದಲ್ಲಿ ಕುಳಿತು ನೋಡಿ: ತಲೆಯನ್ನು ಒಂದೇ ಕಡೆ ವಾಲಿಸಿ ಅಗಿಯುತ್ತಾಳೆಯೇ, ಬಾಯಿಗೆ ಹಾಕಿಕೊಂಡ ಬಿಸ್ಕತ್ತನ್ನು ಕೆಳಗೆ ಬೀಳಿಸಿ ಮತ್ತೆ ಎತ್ತಿಕೊಳ್ಳುತ್ತಾಳೆಯೇ, ಅಗಿಯದೆ ಹಾಗೆಯೇ ನುಂಗುತ್ತಾಳೆಯೇ? ಬಳಿಕ ಅವಳ ತುಟಿಯನ್ನು ಮೆಲ್ಲಗೆ ಮೇಲಕ್ಕೆತ್ತಿ ಎಡ ಬಲ ಎರಡನ್ನೂ ಹೋಲಿಸಿ. ನೋವಿರುವ ಬದಿಯನ್ನು ನಾಯಿ ಅಗಿಯಲು ಬಳಸುವುದಿಲ್ಲವಾದ್ದರಿಂದ ಆ ಬದಿಯಲ್ಲಿ ಕಂದು ಬಣ್ಣದ ಕಿಟ್ಟ ಹೆಚ್ಚು ದಪ್ಪಗೆ ಕಟ್ಟಿರುತ್ತದೆ.

ಕಣ್ಣಿನ ಕೆಳಗೆ ಊದಿಕೊಂಡಿತ್ತು ಎಂದು ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ ಸಾಲು ಇದೇ. ನಾಯಿಯ ಮೇಲ್ದವಡೆಯಲ್ಲಿ ಮೂಳೆ, ಮಾಂಸವನ್ನು ಕತ್ತರಿಸುವ ದೊಡ್ಡ ಹಲ್ಲೊಂದಿದೆ. ಅದಕ್ಕೆ ಮೂರು ಬೇರುಗಳಿದ್ದು, ಅವುಗಳ ತುದಿ ಕಣ್ಣಿನ ಕೆಳಭಾಗಕ್ಕೆ ಹತ್ತಿರದಲ್ಲೇ ಇರುತ್ತದೆ. ಆ ಬೇರಿನ ತುದಿಯಲ್ಲಿ ಕೀವು ಕಟ್ಟಿದಾಗ ಕಣ್ಣಿನ ಕೆಳಗೆ ಬಾವು ಕಾಣಿಸಿಕೊಳ್ಳುತ್ತದೆ. ಬೇರೆ ಕಾರಣಗಳೂ ಇರಬಹುದಾದರೂ, ಬಾಯಿ ಇಷ್ಟು ಕೆಟ್ಟಿರುವ ನಾಯಿಯಲ್ಲಿ ನಾನು ಮೊದಲು ಶಂಕಿಸುವುದು ಈ ಹಲ್ಲನ್ನೇ. ಆಂಟಿಬಯೋಟಿಕ್ ಬಾವನ್ನು ಇಳಿಸುತ್ತದೆ, ಆದರೆ ಸತ್ತ ಹಲ್ಲು ಒಳಗೆ ಹಾಗೆಯೇ ಉಳಿದಿರುತ್ತದೆ. ಮಾತ್ರೆ ನಿಂತ ಕೆಲವು ವಾರ ಅಥವಾ ತಿಂಗಳಲ್ಲಿ ಕೀವು ಮತ್ತೆ ಸೇರುತ್ತದೆ. ‘ಸುಮ್ಮನೆ ಬಿಡುವುದು’ ಎಂದರೆ ಬೆಳ್ಳಿಯ ಪಾಲಿಗೆ ಈ ನೋವಿನೊಂದಿಗೇ ಉಳಿದ ವರ್ಷಗಳನ್ನು ಕಳೆಯುವುದು ಎಂದಾಗುತ್ತದೆ. ಅವಳ ಮೂತ್ರಪಿಂಡ ಇಂದು ಚೆನ್ನಾಗಿದ್ದು, ಇನ್ನೆರಡು ವರ್ಷದಲ್ಲಿ ಕ್ಷೀಣಿಸಿದ ಮೇಲೆ ಇದೇ ಶಸ್ತ್ರಚಿಕಿತ್ಸೆ ಅನಿವಾರ್ಯವಾದರೆ ಆಗ ಅಪಾಯ ಹೆಚ್ಚು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಅರಿವಳಿಕೆಯ ಭಯ. ಅಪಾಯವೇ ಇಲ್ಲ ಎಂದು ಯಾರಾದರೂ ಹೇಳಿದರೆ ಅವರನ್ನು ನಂಬಬೇಡಿ. ಬ್ರಿಟನ್ನಿನಲ್ಲಿ 98,000ಕ್ಕೂ ಹೆಚ್ಚು ನಾಯಿಗಳನ್ನು ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯವಾಗಿದ್ದ ನಾಯಿಗಳಲ್ಲಿ ಅರಿವಳಿಕೆಗೆ ಸಂಬಂಧಿಸಿದ ಸಾವು ಸುಮಾರು 2,000ಕ್ಕೆ 1ರಷ್ಟಿತ್ತು. ಗಂಭೀರ ಕಾಯಿಲೆಯಿದ್ದ ನಾಯಿಗಳಲ್ಲಿ ಸುಮಾರು 75ಕ್ಕೆ 1ರಷ್ಟಿತ್ತು. ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ದಯವಿಟ್ಟು ಮತ್ತೊಮ್ಮೆ ಓದಿ. ವಯಸ್ಸು ಹೆಚ್ಚಿದಂತೆ ಅಪಾಯ ಹೆಚ್ಚುವುದು ನಿಜ. ಆದರೆ ಒಳಗೆ ಕಾಯಿಲೆ ಇದೆಯೇ, ಇದ್ದರೆ ಅದು ಮೊದಲೇ ಗೊತ್ತಾಗಿದೆಯೇ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಬೆಳ್ಳಿ ಈ ಎರಡು ಗುಂಪುಗಳಲ್ಲಿ ಯಾವುದಕ್ಕೆ ಸೇರಿದವಳು ಎಂದು ನನಗೂ ನಿಮಗೂ ಈಗ ತಿಳಿಯದು, ಅದನ್ನು ಹೇಳುವುದು ಪರೀಕ್ಷೆಗಳು ಮಾತ್ರ.

ರಕ್ತದಲ್ಲಿ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯೇಟಿನಿನ್ ಮತ್ತು ಯೂರಿಯಾ, ಯಕೃತ್ತಿನ ಕಿಣ್ವಗಳು, ಸಕ್ಕರೆ ಮತ್ತು ಒಟ್ಟು ಪ್ರೋಟೀನ್ ನೋಡಬೇಕು. ಮೂತ್ರ ಪರೀಕ್ಷೆಯನ್ನು ಬಿಡಬೇಡಿ. ಕ್ರಿಯೇಟಿನಿನ್ ಏರುವ ಮೊದಲೇ ಮೂತ್ರ ನೀರಾಗಿ ತೆಳುವಾಗುವುದು ಮೂತ್ರಪಿಂಡ ಸೋಲುತ್ತಿರುವುದರ ಸೂಚನೆಯಾಗಿರಬಹುದು. ನಮ್ಮ ಕಡೆ ಇವೆಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದದ್ದು ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಎಣಿಕೆ. ಮೈಗೆ ಅಂಟಿ ರಕ್ತ ಹೀರುವ ಉಣ್ಣೆ ಹುಳುವಿನಿಂದ ಬಂದು ಆ ಕಣಗಳನ್ನು ಇಳಿಸುವ ಉಣ್ಣೆ ಜ್ವರ ಇಲ್ಲಿ ಮನೆಮಾತಾಗಿರುವ ಕಾಯಿಲೆ. ಎಷ್ಟೋ ನಾಯಿಗಳು ಅದನ್ನು ತಿಂಗಳುಗಟ್ಟಲೆ ಮೈಯೊಳಗೆ ಹೊತ್ತುಕೊಂಡು, ಹೊರಗೆ ಏನೂ ತೋರಿಸದೆ ಓಡಾಡುತ್ತಿರುತ್ತವೆ. ನನ್ನ ಬಳಿ ಬಂದ 11 ವರ್ಷದ ಡ್ಯಾಷ್‌ಹುಂಡ್ ಒಂದು ಬಾಗಿಲಲ್ಲಿ ಬಾಲವಾಡಿಸುತ್ತಲೇ ನಿಂತಿತ್ತು. ಎರಡು ಲಕ್ಷದ ಆಸುಪಾಸಿನಲ್ಲೋ ಅದಕ್ಕೂ ಮೇಲೋ ಇರಬೇಕಾದ ಪ್ಲೇಟ್‌ಲೆಟ್ ಅದರ ರಕ್ತದಲ್ಲಿ 40 ಸಾವಿರದಷ್ಟಿತ್ತು. ಅಂದು ಹಲ್ಲು ಕಿತ್ತಿದ್ದರೆ ರಕ್ತ ನಿಲ್ಲುತ್ತಿರಲಿಲ್ಲ. ಮೊದಲು ಉಣ್ಣೆ ಜ್ವರಕ್ಕೆ ನಾಲ್ಕು ವಾರ ಡಾಕ್ಸಿಸೈಕ್ಲಿನ್ ಕೊಟ್ಟು, ಎಣಿಕೆ ಸರಿಹೋದ ಮೇಲೆ ಎಂಟು ಹಲ್ಲು ಕಿತ್ತೆವು.

ಮರ್ಮರ ಶಬ್ದ ಎಂದ ಕೂಡಲೇ ಹೃದಯ ಕೈಕೊಟ್ಟಿತು ಎಂದು ಅರ್ಥವಲ್ಲ. ನಾವು ಪಮೇರಿಯನ್ ಎಂದು ಕರೆಯುವ ಈ ನಾಯಿಗಳು ಹೆಚ್ಚಾಗಿ ಇಂಡಿಯನ್ ಸ್ಪಿಟ್ಜ್ ತಳಿಯವು. ಇಂಥ ಸಣ್ಣ ನಾಯಿಗಳಿಗೆ ವಯಸ್ಸಾದಂತೆ ಹೃದಯದ ಎಡಭಾಗದ ಕವಾಟ ದಪ್ಪಗಾಗಿ ರಕ್ತ ಹಿಂದಕ್ಕೆ ಸೋರುವುದು ಸಾಮಾನ್ಯ. ಹೃದಯ ಹಿಗ್ಗದಿದ್ದರೆ ಅರಿವಳಿಕೆಯನ್ನು ಸಾಮಾನ್ಯವಾಗಿ ಚೆನ್ನಾಗಿಯೇ ತಡೆದುಕೊಳ್ಳುತ್ತವೆ, ಡ್ರಿಪ್ ಹನಿಸುವ ವೇಗದಲ್ಲಿ ಮಾತ್ರ ಎಚ್ಚರ ಬೇಕು. ಹಿಗ್ಗಿದೆಯೇ ಎಂದು ತಿಳಿಯಲು ಎದೆಯ ಎಕ್ಸ್‌ರೇ, ಸಾಧ್ಯವಾದರೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ನಿಮ್ಮ ಊರಿನಲ್ಲಿ ಸಿಗದಿದ್ದರೆ ಶಿವಮೊಗ್ಗದ ಅಥವಾ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ: ಬೆಳ್ಳಿ ಗಾಢವಾಗಿ ನಿದ್ರಿಸುವಾಗ ಎದೆ ಏರಿ ಇಳಿಯುವುದನ್ನು ಒಂದು ಎಂದು ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ. ನಾಲ್ಕೈದು ದಿನ ಎಣಿಸಿ ಚೀಟಿಯಲ್ಲಿ ಬರೆದಿಡಿ. 30ರ ಒಳಗಿದ್ದರೆ ಒಳ್ಳೆಯದು. ಪದೇ ಪದೇ 30 ದಾಟುತ್ತಿದ್ದರೆ ಹಲ್ಲಿನ ಮಾತು ಬದಿಗಿಟ್ಟು ಮೊದಲು ಹೃದಯವನ್ನು ತೋರಿಸಿ.

ನಿಮ್ಮ ಬೀದಿಯ ನಾಯಿಗೆ ಏನಾಯಿತೆಂದು ನಾನು ಹೇಳಲಾರೆ, ಆ ಮನೆಯವರ ದುಃಖ ನನಗೆ ಅರ್ಥವಾಗುತ್ತದೆ. ಆದರೆ ಅರಿವಳಿಕೆ ಎಂಬ ಒಂದೇ ಮಾತಿನೊಳಗೆ ತುಂಬ ಬೇರೆ ಬೇರೆ ರೀತಿಗಳು ಅಡಗಿವೆ. ಒಂದು ಚುಚ್ಚುಮದ್ದು ಕೊಟ್ಟು, ನಾಯಿ ಮಲಗಿದ ಕೂಡಲೇ ಕೆಲಸಕ್ಕೆ ಇಳಿಯುವುದು ಒಂದು ರೀತಿ. ರಕ್ತನಾಳಕ್ಕೆ ಸೂಜಿ ಕೂರಿಸಿ, ಪ್ರೊಪೊಫಾಲ್‌ನಂಥ ಔಷಧವನ್ನು ಬೇಕಾದಷ್ಟೇ ನಿಧಾನವಾಗಿ ಬಿಟ್ಟು, ಶ್ವಾಸನಾಳಕ್ಕೆ ಕೊಳವೆ ಇಳಿಸಿ, ಆಮ್ಲಜನಕದ ಜೊತೆ ಐಸೊಫ್ಲುರೇನ್ ಎಂಬ ಅರಿವಳಿಕೆ ಅನಿಲ ಕೊಡುತ್ತಾ, ಹಲ್ಲನ್ನು ಮುಟ್ಟದ ಇನ್ನೊಬ್ಬರು ತಲೆಯ ಬಳಿ ನಿಂತು ಉಸಿರಿನ ಚೀಲ ಉಬ್ಬುವುದನ್ನೂ ಒಸಡಿನ ಬಣ್ಣವನ್ನೂ ರಕ್ತದೊತ್ತಡವನ್ನೂ ಕ್ಷಣ ಬಿಡದೆ ಗಮನಿಸುವುದು ಇನ್ನೊಂದು ರೀತಿ. ಬಾಯಿಯ ಶಸ್ತ್ರಚಿಕಿತ್ಸೆಯಲ್ಲಿ ಆ ಕೊಳವೆ ಇಲ್ಲದೆ ಕೆಲಸ ಮಾಡುವುದನ್ನು ನಾನು ಒಪ್ಪುವುದೇ ಇಲ್ಲ. ಕಿಟ್ಟ ಕೆರೆಯುವ ಯಂತ್ರ ನೀರು ಚಿಮ್ಮಿಸುತ್ತಲೇ ಇರುತ್ತದೆ. ಆ ನೀರು, ರಕ್ತ, ಕಿಟ್ಟದ ಚೂರುಗಳು ಶ್ವಾಸಕೋಶಕ್ಕೆ ಇಳಿಯದಂತೆ ತಡೆಯುವುದು ಆ ಕೊಳವೆಯೇ.

ಆದ್ದರಿಂದ ನಿಮ್ಮ ಡಾಕ್ಟರನ್ನು ಸಂಕೋಚವಿಲ್ಲದೆ ಕೇಳಿ. ಕೊಳವೆ ಹಾಕುತ್ತೀರಾ, ಅರಿವಳಿಕೆಯನ್ನು ನೋಡಿಕೊಳ್ಳಲು ಬೇರೊಬ್ಬರು ಇರುತ್ತಾರೆಯೇ, ರಕ್ತದೊತ್ತಡ ಅಳೆಯುತ್ತೀರಾ, ಮೈ ಬೆಚ್ಚಗಿಡಲು ಏನು ವ್ಯವಸ್ಥೆಯಿದೆ ಎಂದು ಕೇಳಿ. ಕೊನೆಯದು ಸಣ್ಣ ವಿಷಯದಂತೆ ಕಂಡರೂ ಒದ್ದೆಯಾದ ಮುದಿ ನಾಯಿಯ ಮೈ ಅರ್ಧ ಗಂಟೆಯೊಳಗೇ ತಣ್ಣಗಾಗತೊಡಗುತ್ತದೆ, ತಣ್ಣಗಾದ ನಾಯಿ ಎಚ್ಚರಗೊಳ್ಳಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಕೀಳುವ ಜಾಗವನ್ನು ನಮಗೆ ಮಾಡುವಂತೆಯೇ ಇಂಜೆಕ್ಷನ್ ಕೊಟ್ಟು ಮರಗಟ್ಟಿಸುತ್ತೀರಾ ಎಂದೂ ಕೇಳಿ. ಹಾಗೆ ಮಾಡಿದರೆ ಪೂರ್ಣ ಅರಿವಳಿಕೆಯ ಪ್ರಮಾಣವನ್ನು ತಗ್ಗಿಸಬಹುದು. ಬೆಳ್ಳಿಯಂಥ ಹೃದಯಕ್ಕೆ ಜೈಲಜಿನ್ ಎಂಬ ಔಷಧ ಹಿತವಲ್ಲ, ಅದನ್ನು ಬಳಸುವ ಯೋಚನೆಯಿದ್ದರೆ ಬದಲಿ ಇದೆಯೇ ಎಂದು ವಿಚಾರಿಸಿ. ಕೆಲಸ ಬಲ್ಲ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ.

ಅರಿವಳಿಕೆ ಇಲ್ಲದೆ ಹಲ್ಲು ಶುಚಿ ಮಾಡಿಸುವ ವಿಚಾರವನ್ನು ಬಿಟ್ಟುಬಿಡಿ. ಅಲ್ಲಿ ಹಲ್ಲಿನ ಹೊರಮೈ ಬೆಳ್ಳಗಾಗುತ್ತದೆ, ಕಾಯಿಲೆ ಇರುವುದು ಒಸಡಿನ ಅಡಿಯಲ್ಲಿ. ನೋವಿರುವ ಬಾಯಿಯನ್ನು ಎಚ್ಚರವಿರುವಾಗ ಅದುಮಿ ಹಿಡಿದು ಕೆರೆಯುವುದು ಹಿಂಸೆಯೂ ಹೌದು.

ನಾನೇ ಬೇಡ ಎನ್ನುವ ಸಂದರ್ಭಗಳೂ ಇವೆ. ಹೃದಯ ಹಿಗ್ಗಿ ಶ್ವಾಸಕೋಶದಲ್ಲಿ ನೀರು ತುಂಬಿದ್ದರೆ, ಮೂತ್ರಪಿಂಡ ಬಹಳ ಸೋತಿದ್ದರೆ, ಬೇರೆ ಕಾಯಿಲೆಯಿಂದ ನಾಯಿಗೆ ಉಳಿದಿರುವುದೇ ಕೆಲವು ತಿಂಗಳು ಎಂದಾಗಿದ್ದರೆ, ಮೆತ್ತನೆಯ ಊಟ ಮತ್ತು ನೋವಿನ ಔಷಧದಲ್ಲೇ ನೋಡಿಕೊಳ್ಳೋಣ ಎನ್ನುತ್ತೇನೆ. ನಿಮ್ಮ ಪತ್ರದಲ್ಲಿ ಅಂಥ ಲಕ್ಷಣವೇನೂ ನನಗೆ ಕಾಣುತ್ತಿಲ್ಲ. ಪರೀಕ್ಷೆಗಳು ಸರಿಯಾಗಿ ಬಂದರೆ, ಮೇಲೆ ಹೇಳಿದ ವ್ಯವಸ್ಥೆಯಿರುವಲ್ಲಿ ಮಾಡಿಸಿ ಎಂಬುದೇ ನನ್ನ ಸಲಹೆ.

ಶಸ್ತ್ರಚಿಕಿತ್ಸೆಯನ್ನು ಬೆಳಿಗ್ಗೆಯೇ ಇಟ್ಟುಕೊಳ್ಳಿ. ಎಚ್ಚರಗೊಂಡ ಮೇಲಿನ ಮೊದಲ ಮೂರು ಗಂಟೆ ಬಹಳ ಮುಖ್ಯ, ಆ ಹೊತ್ತಿನಲ್ಲಿ ಆಸ್ಪತ್ರೆಯಲ್ಲಿ ಜನ ಇರಬೇಕು. ಹಿಂದಿನ ರಾತ್ರಿ 10ರ ಬಳಿಕ ಊಟ ಬೇಡ, ನೀರನ್ನು ಮಾತ್ರ ಬೆಳಿಗ್ಗೆಯವರೆಗೆ ಇಡಿ. ದಿನವೂ ಕೊಡುವ ಮಾತ್ರೆಗಳಿದ್ದರೆ ಅಂದು ಯಾವುದನ್ನು ಕೊಡಬೇಕು, ಯಾವುದನ್ನು ಬಿಡಬೇಕು ಎಂದು ಮೊದಲೇ ಕೇಳಿಕೊಳ್ಳಿ. ಮನೆಗೆ ಬಂದ ರಾತ್ರಿ ಬೆಳ್ಳಿ ತೂಗಾಡುತ್ತಾ ನಡೆಯಬಹುದು, ಸಣ್ಣಗೆ ಕುಯ್ಗುಡಬಹುದು, ಕೊಳವೆ ಹಾಕಿದ್ದರಿಂದ ಒಂದೆರಡು ದಿನ ಕೆಮ್ಮಲೂಬಹುದು. ಇವಕ್ಕೆ ಗಾಬರಿ ಬೇಡ, ಮೆಟ್ಟಿಲು ಹತ್ತದಂತೆ ನೋಡಿಕೊಂಡರೆ ಸಾಕು. ಒಸಡು ಬಿಳಚಿಕೊಂಡರೆ, ರಕ್ತ ತೊಟ್ಟಿಕ್ಕುತ್ತಲೇ ಇದ್ದರೆ, ಉಸಿರಾಟ ಕಷ್ಟವಾದರೆ ಅಥವಾ ಮರುದಿನ ಸಂಜೆಯವರೆಗೂ ಏನೂ ತಿನ್ನದಿದ್ದರೆ ತಡಮಾಡದೆ ಫೋನ್ ಮಾಡಿ. ಹತ್ತು ಹದಿನಾಲ್ಕು ದಿನ ಉಪ್ಪಿಲ್ಲದ ಮೆತ್ತನೆಯ ಮೊಸರನ್ನ, ರಾಗಿ ಗಂಜಿ, ತಿನ್ನುವವಳಾದರೆ ಬೇಯಿಸಿ ಹಿಸುಕಿದ ಮೂಳೆಯಿಲ್ಲದ ಕೋಳಿ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಸೇರಬಾರದು. ನೋವೆಂದು ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್, ಪ್ಯಾರಾಸಿಟಮಾಲ್ ಕೊಡಲೇಬೇಡಿ. ನಮಗೆ ಸಾಮಾನ್ಯವಾದ ಆ ಮಾತ್ರೆಗಳು ನಾಯಿಯ ಪ್ರಾಣಕ್ಕೇ ಎರವಾಗಬಹುದು.

ಕ್ರಿಯೇಟಿನಿನ್, ಪ್ಲೇಟ್‌ಲೆಟ್, ಎದೆಯ ಎಕ್ಸ್‌ರೇ ವರದಿ, ನಿದ್ದೆಯಲ್ಲಿ ನೀವು ಎಣಿಸಿದ ಉಸಿರು: ಈ ನಾಲ್ಕು ಕೈಗೆ ಬಂದ ಮೇಲೆ ಮತ್ತೆ ಬರೆಯಿರಿ. ಅವುಗಳನ್ನು ಮುಂದಿಟ್ಟುಕೊಂಡು ಬೆಳ್ಳಿಯ ಬಗ್ಗೆ ಇನ್ನೂ ಖಚಿತವಾಗಿ ಹೇಳಲು ಸಾಧ್ಯವಾಗುತ್ತದೆ.