ಟ್ರಸ್ಟ್ ಹಣ ಬಂದರೆ ಅಮೆರಿಕದ ಮೂಲನಿವಾಸಿಗಳಿಗೆ ಸರ್ಕಾರಿ ನೆರವು ತಪ್ಪುತ್ತದೆಯೇ?

ನೀವು ಕೇಳಿರುವುದು ಎರಡು ವಿಷಯ. ಟ್ರಸ್ಟಿನಿಂದ ಹಣ ಬರುವವರಿಗೆ ಎಸ್‌ಎಸ್‌ಐ (ಬಡ ವೃದ್ಧರಿಗೆ, ಅಂಗವಿಕಲರಿಗೆ ಕೇಂದ್ರ ಸರ್ಕಾರ ಕೊಡುವ ಮಾಸಿಕ ನೆರವು), ಮೆಡಿಕೇಡ್ (ಬಡವರ ಸರ್ಕಾರಿ ಆರೋಗ್ಯ ವಿಮೆ) ನಿಂತುಹೋಗುತ್ತದೆಯೇ ಅನ್ನುವುದು ಒಂದು, ಎರಡೂ ಕಡೆಯಿಂದ ಪಡೆಯುವುದು ನ್ಯಾಯವೇ ಅನ್ನುವುದು ಇನ್ನೊಂದು. ದಕ್ಷಿಣ ಡಕೋಟಾದ ಆಸ್ಪತ್ರೆಯೊಂದರಲ್ಲಿ ರೋಗಿಗಳ ಇಂಥ ಅರ್ಜಿಗಳನ್ನು ತುಂಬಿಕೊಡುವುದೇ ನನ್ನ ಕೆಲಸ. ನ್ಯಾಯದ ಮಾತನ್ನೇ ಮೊದಲು ಹೇಳಿಬಿಡುತ್ತೇನೆ.

ಟ್ರಸ್ಟ್ ಹಣ ಸರ್ಕಾರ ಕೊಡುವ ದಾನವಲ್ಲ, ಅವರದೇ ನೆಲದ ಗೇಣಿ. 1887ರ ಡಾಸ್ ಕಾಯ್ದೆ ಬುಡಕಟ್ಟುಗಳ ಒಟ್ಟು ಭೂಮಿಯನ್ನು ತುಂಡು ಮಾಡಿ ಹಂಚಿತು. ಹಕ್ಕುಪತ್ರ ಮಾತ್ರ ಟ್ರಸ್ಟ್ ಹೆಸರಿನಲ್ಲಿ, ಅಂದರೆ ಅವರ ಪರವಾಗಿ ಕಾಯುತ್ತೇವೆಂದು, ಸರ್ಕಾರದ ಬಳಿಯೇ ಉಳಿಯಿತು. ಆ ನೆಲವನ್ನು ದನ ಮೇಯಿಸಲು ಗುತ್ತಿಗೆಗೆ ಕೊಟ್ಟರೂ, ಅಲ್ಲಿ ಎಣ್ಣೆ ತೆಗೆದರೂ ಹಣ ಸಾಮಾನ್ಯವಾಗಿ ಈ ಟ್ರಸ್ಟ್ ನೋಡಿಕೊಳ್ಳುವ ಕೇಂದ್ರದ ಇಂಟೀರಿಯರ್ ಇಲಾಖೆಯ ಕೈದಾಟಿಯೇ ಮಾಲೀಕರ 'ಐಐಎಂ' ಖಾತೆಗೆ (ಇಲಾಖೆಯೇ ಒಬ್ಬೊಬ್ಬರ ಹೆಸರಿನಲ್ಲಿ ಇಡುವ ಖಾತೆ) ಬರುತ್ತದೆ. ತಲೆಮಾರುಗಳು ಕಳೆದಂತೆ ಒಂದೊಂದು ತುಂಡಿಗೂ ನೂರಾರು ವಾರಸುದಾರರಾದರು. ಒಬ್ಬ ಅಜ್ಜಿ ತಂದಿದ್ದ ಸ್ಟೇಟ್‌ಮೆಂಟ್ ಹಾಳೆ ಹಾಳೆಯಾಗಿ ಮೇಜಿನ ಮೇಲೆ ಹರಡಿಕೊಂಡಿತು. ಸಾಲಿಗೊಂದು ಜಮೀನಿನ ನಂಬರು, ಪಕ್ಕದಲ್ಲಿ ಅವರ ಪಾಲಿನ ಉದ್ದನೆಯ ಭಿನ್ನರಾಶಿ, ಅದರ ಮುಂದೆ ಕೆಲವೇ ಸೆಂಟು. ಈ ಖಾತೆಗಳನ್ನೂ ಸರ್ಕಾರ ನೆಟ್ಟಗೆ ನೋಡಿಕೊಳ್ಳಲಿಲ್ಲ. ಬ್ಲ್ಯಾಕ್‌ಫೀಟ್ ಬುಡಕಟ್ಟಿನ ಎಲೊಯೀಸ್ ಕೊಬೆಲ್ 1996ರಲ್ಲಿ ದಾವೆ ಹೂಡಿ, 2009ರಲ್ಲಿ 340 ಕೋಟಿ ಡಾಲರಿಗೆ ರಾಜಿಯಾಯಿತು. ಜನರ ಕೈಗೆ ಹಣ ಸೇರುವ ಮೊದಲೇ, 2011ರಲ್ಲಿ, ಆಕೆ ತೀರಿಕೊಂಡರು. ಇಂಥ ಹಣ ಪಡೆದವರನ್ನು 'ಎರಡೆರಡು ಕಡೆ ತಿನ್ನುವವರು' ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ಇನ್ನು ನಿಯಮ. ಹಣ ಎಷ್ಟು ಅನ್ನುವುದಕ್ಕಿಂತ ಎಲ್ಲಿಂದ ಬಂತು ಅನ್ನುವುದೇ ಇಲ್ಲಿ ಮುಖ್ಯ. ಬುಡಕಟ್ಟಿನ ಪರವಾಗಿ ಇಂಟೀರಿಯರ್ ಇಲಾಖೆ ಟ್ರಸ್ಟಿನಲ್ಲಿಟ್ಟಿದ್ದ ಹಣವನ್ನು ಸದಸ್ಯರಿಗೆ ತಲಾ ಇಷ್ಟು ಎಂದು ಹಂಚಿದರೆ, 1983ರ ಕಾಯ್ದೆ ಪ್ರಕಾರ ಎಸ್‌ಎಸ್‌ಐ ಅದನ್ನು ವರಮಾನವಾಗಿಯೂ ಆಸ್ತಿಯಾಗಿಯೂ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಸ್ವಂತ ಟ್ರಸ್ಟ್ ಜಮೀನಿನ ಪಾಲಿನಿಂದ ಬರುವ ಗೇಣಿಯಲ್ಲಿ ವರ್ಷಕ್ಕೆ 2,000 ಡಾಲರ್‌ವರೆಗೆ ವಿನಾಯಿತಿ, ಮೇಲ್ಪಟ್ಟದ್ದು ಲೆಕ್ಕಕ್ಕೆ ಬರುತ್ತದೆ. ಆ ಜಮೀನನ್ನಂತೂ ಆಸ್ತಿ ಅನ್ನುವುದಿಲ್ಲ. ಹೆಚ್ಚಿನವರ ಮೆಡಿಕೇಡ್ ಲೆಕ್ಕದಲ್ಲೂ ಟ್ರಸ್ಟ್ ಜಮೀನಿನ ಗೇಣಿ, ರಾಯಲ್ಟಿ ಸೇರುವುದಿಲ್ಲ.

ಎಡವುವುದು ಕ್ಯಾಸಿನೊ ಹಣದಲ್ಲಿ. ಬುಡಕಟ್ಟು ತನ್ನ ಕ್ಯಾಸಿನೊ ಲಾಭವನ್ನು ಹಂಚಿದರೂ ಜನ ಅದನ್ನು ಟ್ರಸ್ಟ್ ಹಂಚಿಕೆಯಂತೆಯೇ 'ಪರ್ ಕ್ಯಾಪ್' (ತಲಾ ಪಾಲು) ಅಂತಲೇ ಕರೆಯುತ್ತಾರೆ, ಆದರೆ ಅದಕ್ಕೆ ಈ ವಿನಾಯಿತಿ ಇಲ್ಲ. 2025ರಲ್ಲಿ ಒಂಟಿ ವ್ಯಕ್ತಿಗೆ ಕೇಂದ್ರದ ಎಸ್‌ಎಸ್‌ಐ ತಿಂಗಳಿಗೆ 967 ಡಾಲರ್ ಇತ್ತು. ಬೇರೇನೂ ವರಮಾನವಿಲ್ಲದವರಿಗೆ ಒಂದು ತಿಂಗಳು 1,000 ಡಾಲರ್ ಕ್ಯಾಸಿನೊ ಪಾಲು ಬಂತೆನ್ನಿ. ನಿಯಮದಂತೆ ಲೆಕ್ಕಕ್ಕೆ ಹಿಡಿಯದ 20 ಡಾಲರ್ ಬಿಟ್ಟು ಉಳಿದ 980 ವರಮಾನವಾಗುತ್ತದೆ, ಆ ತಿಂಗಳ ಎಸ್‌ಎಸ್‌ಐ ಪೂರ್ತಿ ಹೋಯಿತು. ಖರ್ಚಾಗದೆ ಮುಂದಿನ ತಿಂಗಳ ಮೊದಲ ತಾರೀಕಿಗೆ ಉಳಿದದ್ದು ಆಸ್ತಿ. ಆಸ್ತಿಯ ಮಿತಿ ಒಬ್ಬರಿಗೆ 2,000, ದಂಪತಿಗೆ 3,000 ಡಾಲರ್. 1989ರಿಂದ ಇದು ಒಂದು ಡಾಲರೂ ಏರಿಲ್ಲ, ನನಗೆ ಇದು ಶುದ್ಧ ಅನ್ಯಾಯವಾಗಿ ಕಾಣುತ್ತದೆ. ಕೊಬೆಲ್ ರಾಜಿ ಹಣವನ್ನಾದರೆ ಒಂದು ವರ್ಷ ಲೆಕ್ಕಕ್ಕೆ ಹಿಡಿಯದಂತೆ ಪ್ರತ್ಯೇಕ ಕಾನೂನು ರಕ್ಷಣೆ ಕೊಟ್ಟಿತ್ತು.

ನಿಮ್ಮ ಪರಿಚಯದವರಿಗಾಗಿ ಕೇಳುತ್ತಿದ್ದರೆ ಅವರಿಗೆ ಹೀಗೆ ಹೇಳಿ: ವಿನಾಯಿತಿ ಇರುವ ಹಣವನ್ನು ಬೇರೆ ಖಾತೆಯಲ್ಲೇ ಇಡಲಿ. ಕ್ಯಾಸಿನೊ ಹಣ, ಕೂಲಿ ಹಣ ಎಲ್ಲ ಒಂದರಲ್ಲೇ ಬೆರೆತರೆ ಯಾವುದು ಯಾವುದೆಂದು ತೋರಿಸುವುದು ಕಷ್ಟ.  ಬಂದ ಹಣವನ್ನು ಮುಂದಿನ ತಿಂಗಳ 10ರೊಳಗೆ ಎಸ್‌ಎಸ್‌ಐ ನೋಡಿಕೊಳ್ಳುವ ಕಚೇರಿಗೆ ವರದಿ ಮಾಡಬೇಕು. ಹಣದ ಮೂಲ ಹೇಳುವ ಪತ್ರವನ್ನು ಬುಡಕಟ್ಟಿನ ಕಚೇರಿಯಿಂದ ಪಡೆದು ಜೊತೆಗೆ ಲಗತ್ತಿಸಲಿ. ಅಷ್ಟಾಗಿಯೂ ಎಸ್‌ಎಸ್‌ಐ ನಿಲ್ಲಿಸುತ್ತೇವೆಂದು ನೋಟಿಸ್ ಬಂದರೆ ಮೇಲ್ಮನವಿಗೆ 60 ದಿನ ಇದೆ. ಆದರೆ ಕೈಸೇರಿದ 10 ದಿನದೊಳಗೇ ಹಾಕಿದರೆ ಮೊದಲ ತೀರ್ಮಾನ ಬರುವವರೆಗೆ ಹಣ ನಿಲ್ಲುವುದಿಲ್ಲ.