ಅರಸನಿಲ್ಲದ ಜಿಲ್ಲೆ ನಡೆದದ್ದು ಹೇಗೆ?

ಪತ್ರ: ಕಳೆದ ಸಂಚಿಕೆಯ ಲೇಖನದಲ್ಲಿ ‘ಮಧ್ಯಯುಗದ ಫ್ರೀಸ್‌ಲ್ಯಾಂಡಿನ (ಈಗಿನ ನೆದರ್‌ಲ್ಯಾಂಡ್ಸ್‌ನ ಉತ್ತರ ಭಾಗ) ವೆಸ್ಟರ್‌ಗೋ ಜಿಲ್ಲೆಗೆ ಒಡೆಯನೇ ಇರಲಿಲ್ಲ’ ಎಂದಿದೆ. ಇದು ನಂಬುವ ಮಾತೇ? ತೆರಿಗೆ, ನ್ಯಾಯ ಎಲ್ಲ ಯಾರ ಕೈಲಿತ್ತು?
– ಓದುಗರೊಬ್ಬರು, ಧಾರವಾಡ

ಸಂಪಾದಕರ ಉತ್ತರ: ಕಾಗದದ ಮೇಲೆ ಒಡೆಯರು ಇದ್ದೇ ಇದ್ದರು. 11ನೇ ಶತಮಾನದಲ್ಲಿ ವೆಸ್ಟರ್‌ಗೋ ಜರ್ಮನಿಯ ಬ್ರೌನ್‌ಶ್ವೈಗ್ ಮನೆತನದ ಕೌಂಟ್‌ಗಳದಾಗಿತ್ತು (ಕೌಂಟ್ ಎಂದರೆ ಪ್ರಾಂತ್ಯದ ಒಡೆಯ). ಬೋಲ್ಸ್‌ವಾರ್ಡ್, ಸ್ಟಾವೊರೆನ್ ಊರುಗಳಲ್ಲಿ ಅವರ ಬೆಳ್ಳಿ ನಾಣ್ಯ ಅಚ್ಚಾಗುತ್ತಿತ್ತು. ಅದೇ ಮನೆತನದ ಕೌಂಟ್ ಎಗ್ಬರ್ಟ್ ಜರ್ಮನಿಯ ಚಕ್ರವರ್ತಿ 4ನೇ ಹೆನ್ರಿಯ ಮೇಲೆ ದಂಗೆ ಎದ್ದು ಜಿಲ್ಲೆಯನ್ನು ಕಳೆದುಕೊಂಡ. ಆಮೇಲೆ ಉಟ್ರೆಕ್ಟ್‌ನ ಬಿಷಪ್, ಪಕ್ಕದ ಹಾಲೆಂಡ್ ಪ್ರಾಂತ್ಯದ ಕೌಂಟ್ ಇಬ್ಬರೂ ‘ನಮ್ಮದು’ ಎಂದು ಜಗಳಕ್ಕೆ ನಿಂತರು. 1165ರಲ್ಲಿ ಚಕ್ರವರ್ತಿ ಬಾರ್ಬರೋಸ ‘ಇಬ್ಬರೂ ಸೇರಿ ಆಳಿ’ ಎಂದುಬಿಟ್ಟ. ಇಬ್ಬರು ಯಜಮಾನರಿದ್ದರೆ ಒಬ್ಬನೂ ಇಲ್ಲ ಅಂತಲೇ ಅರ್ಥ, ಅಲ್ವಾ?

ನೆಲದ ಗುಣವೂ ಇದಕ್ಕೆ ಒದಗಿಬಂತು. ಪೂರ್ವಕ್ಕೆ ಮಿಡಲ್‌ಜೀ ಎಂಬ ಸಮುದ್ರದ ಕವಲು, ಅದರಾಚೆ ಓಸ್ಟರ್‌ಗೋ ಜಿಲ್ಲೆ. ಸುತ್ತ ಕೆಸರು, ಕಾಲುವೆ. ಕುದುರೆ ಸವಾರರ ಸೈನ್ಯಕ್ಕೆ ಇಲ್ಲಿ ದಾರಿಯೇ ಇಲ್ಲ. 1345ರಲ್ಲಿ ಹಾಲೆಂಡಿನ ಕೌಂಟ್ 4ನೇ ವಿಲಿಯಂ ದಂಡೆತ್ತಿ ಬಂದು ಸ್ಟಾವೊರೆನ್ ಬಳಿ ಹಡಗಿನಿಂದ ಇಳಿದ. ರೈತರ ಕೈಲಿ ಅಲ್ಲೇ ಸತ್ತ.

ಹಾಗಾದರೆ ಆಡಳಿತ? ಜಿಲ್ಲೆಯೊಳಗೆ ಸಣ್ಣ ಸಣ್ಣ ವಿಭಾಗಗಳು, ಪ್ರತಿಯೊಂದಕ್ಕೂ ಒಬ್ಬ ಗ್ರೀಟ್‌ಮನ್. ಜಮೀನುದಾರರಲ್ಲೇ ಒಬ್ಬ ಈ ಹುದ್ದೆಗೆ ಬರುತ್ತಿದ್ದ. ನ್ಯಾಯ ಹೇಳುವವನೂ ಅವನೇ, ಊರಿನ ಆಡಳಿತ ನೋಡುವವನೂ ಅವನೇ. ಇನ್ನು ತೆರಿಗೆ. ಅಲ್ಲಿ ಎಲ್ಲಕ್ಕಿಂತ ಭಾರವಾದದ್ದು ಸಮುದ್ರದ ಒಡ್ಡು. ಜಮೀನಿದ್ದವನು ತನ್ನ ಪಾಲಿನ ಒಡ್ಡನ್ನು ತಾನೇ ಕಾಯಬೇಕು, ಮುರಿದರೆ ತಾನೇ ಕಟ್ಟಬೇಕು. ಕೈಲಾಗದಿದ್ದರೆ ಒಡ್ಡಿನ ಮೇಲೆ ಸಲಿಕೆ ನೆಟ್ಟು ಹೊರಟುಹೋಗಬೇಕು. ಆ ಸಲಿಕೆ ಕಿತ್ತವನಿಗೆ ಜಮೀನು, ಜೊತೆಗೆ ಒಡ್ಡಿನ ಹೊರೆಯೂ. ಇಷ್ಟು ಕಟ್ಟುನಿಟ್ಟಿನ ವಸೂಲಿ ಯಾವ ಅರಸನೂ ಮಾಡಿರಲಿಕ್ಕಿಲ್ಲ.

ಈ ‘ಫ್ರೀಸಿಯನ್ ಸ್ವಾತಂತ್ರ್ಯ’ವನ್ನು ಜಾಸ್ತಿ ಹೊಗಳುವುದು ನನಗೆ ಇಷ್ಟವಿಲ್ಲ. ಅದು ನೆಲವಿದ್ದವರ ಸ್ವಾತಂತ್ರ್ಯ. ದೊಡ್ಡ ರೈತ ಮನೆತನಗಳು ಕ್ರಮೇಣ ಕಲ್ಲಿನ ಗೋಪುರ ಕಟ್ಟಿಕೊಂಡು ಪಾಳೆಗಾರರಾದವು. ಸ್ಕೀರಿಂಗರ್, ಫೆಟ್‌ಕೋಪರ್ ಎಂಬ ಎರಡು ಬಣಗಳು ತಲೆಮಾರುಗಟ್ಟಲೆ ಒಬ್ಬರನ್ನೊಬ್ಬರು ಕೊಚ್ಚಿದವು. ಕೊನೆಗೆ ಹೊರಗಿನವನನ್ನು ಕರೆತಂದದ್ದೂ ಒಳಗಿನವರೇ. ಸ್ಕೀರಿಂಗರ್‌ಗಳು ಜರ್ಮನಿಯ ಸ್ಯಾಕ್ಸನಿಯ ಡ್ಯೂಕ್ ಆಲ್ಬ್ರೆಕ್ಟ್‌ನ ನೆರವು ಕೇಳಿದರು. 1498ರಲ್ಲಿ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಅವನನ್ನೇ ಫ್ರೀಸ್‌ಲ್ಯಾಂಡಿಗೆ ಒಡೆಯನನ್ನಾಗಿ ನೇಮಿಸಿದ.

ಗ್ರೀಟ್‌ಮನ್ ಹುದ್ದೆ ಮಾತ್ರ 1851ರವರೆಗೂ ಇತ್ತು. ಆದರೆ ಆಲ್ಬ್ರೆಕ್ಟ್ ಬಂದಮೇಲೆ ಆ ಕುರ್ಚಿಯಲ್ಲಿ ಯಾರು ಕೂರಬೇಕು ಎಂಬುದನ್ನು ಮೇಲಿನವರೇ ನಿರ್ಧರಿಸತೊಡಗಿದರು.