ಕೊಚ್ಚಿಗೆ ಹೋದ್ರೆ ಯಾವ ಏರಿಯಾದಲ್ಲಿ ಉಳ್ಕೊಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ದಸರಾ ರಜೆಲಿ ಕೊಚ್ಚಿಗೆ ಹೋಗೋಣ ಅಂತಿದೀವಿ, ಎರಡು ರಾತ್ರಿ ಅಷ್ಟೇ. ನಾವಿಬ್ರು, ಇಬ್ರು ಮಕ್ಕಳು, ಜೊತೆಗೆ ನಮ್ಮತ್ತೆ, ಅವರಿಗೆ ಮಂಡಿನೋವು. ಎರ್ನಾಕುಲಂ ಸ್ಟೇಷನ್ ಹತ್ರ ಲಿಫ್ಟ್ ಇರೋ ಹೋಟ್ಲು ಕಡಿಮೆ ರೇಟಿಗೆ ಸಿಗ್ತಿದೆ. ಅಲ್ಲೇ ರೂಮ್ ಮಾಡಿ ಒಂದಿನ ಫೋರ್ಟ್ ಕೊಚ್ಚಿ ನೋಡ್ಕೊಂಡು ಬಂದ್ರಾಯ್ತು ಅಂತಾರೆ ನಮ್ಮನೆಯವರು. ಸರಿನಾ?
– ದಾವಣಗೆರೆಯ ಓದುಗರು

ಉತ್ತರ: ಎರಡೇ ರಾತ್ರಿ ಅಂದ್ರೆ ನಾನು ಎರ್ನಾಕುಲಂನಿಂದ ಹಿನ್ನೀರಿನ ಆಚೆ ಇರೋ ಹಳೇ ಊರು ಫೋರ್ಟ್ ಕೊಚ್ಚಿನೇ ಹೇಳ್ತೀನಿ, ದುಡ್ಡು ಸ್ವಲ್ಪ ಜಾಸ್ತಿ ಆದ್ರೂ. ಯಾಕೆ ಅಂದ್ರೆ ಆ ಊರಿನ ಒಳ್ಳೆ ಹೊತ್ತು ಇರೋದು ಬೆಳಗ್ಗೆ ಒಂಬತ್ತರ ಒಳಗೆ ಮತ್ತೆ ಸಂಜೆ ಐದೂವರೆ ಆದ್ಮೇಲೆ. ಮಧ್ಯಾಹ್ನ ಟೂರಿಸ್ಟ್ ಬಸ್ಸುಗಳು ಬಂದು ನಿಂತಿರ್ತವೆ, ಬಿಸಿಲು, ಸೆಕೆ, ಬಟ್ಟೆ ಮೈಗೆ ಅಂಟ್ಕೊಳ್ಳುತ್ತೆ. ಎರ್ನಾಕುಲಂನಲ್ಲಿ ಉಳ್ಕೊಂಡು ಮಕ್ಕಳನ್ನ ಎಬ್ಬಿಸಿ ತಿಂಡಿ ತಿನ್ಸಿ ಬೋಟ್ ಹಿಡಿದು ಬರೋಷ್ಟರಲ್ಲಿ ಹನ್ನೊಂದಾಗುತ್ತೆ, ಅಂದ್ರೆ ನೀವು ದುಡ್ಡು ಕೊಟ್ಟು ನೋಡೋದು ಬರೀ ಆ ಮಧ್ಯಾಹ್ನನ. ಅಲ್ಲೇ ಉಳ್ಕೊಂಡ್ರೆ ಬೆಳಗ್ಗೆ ಏಳಕ್ಕೆ ನಡ್ಕೊಂಡೇ ಮೀನು ಹಿಡಿಯೋ ಚೀನೀ ಬಲೆಗಳ ಹತ್ರ ಹೋಗ್ಬಹುದು, ನಾಲ್ಕೈದು ಜನ ಸೇರಿ ಹಗ್ಗ ಎಳೀತಾರೆ, ಆ ಕಡೆ ಹಗ್ಗಕ್ಕೆ ಕಟ್ಟಿರೋ ದೊಡ್ಡ ದೊಡ್ಡ ಕಲ್ಲುಗಳ ಭಾರಕ್ಕೆ ಬಲೆ ಪೂರ್ತಿ ಮೇಲೆ ಬರುತ್ತೆ, ಮಕ್ಕಳಿಗೆ ಇದನ್ನ ನಿಧಾನಕ್ಕೆ ನಿಂತು ತೋರಿಸ್ಬೇಕು, ಜನ ತುಂಬಿದಾಗ ಆಗಲ್ಲ.

ಸಂಜೆ ಕಥಕ್ಕಳಿ ನೋಡೋದಿದ್ರೂ ಇದೇ ಮಾತು. ಫೋರ್ಟ್ ಕೊಚ್ಚಿಲಿ ಪ್ರವಾಸಿಗರಿಗೆ ಅಂತ ಚಿಕ್ಕದಾಗಿ ಮಾಡಿ ತೋರಿಸೋ ಕಡೆ ಆಟಕ್ಕೆ ಮುಂಚೆ ಬಣ್ಣ ಹಚ್ಕೊಳ್ಳೋದನ್ನೂ ಕೂತು ನೋಡೋಕೆ ಬಿಡ್ತಾರೆ, ಯಕ್ಷಗಾನದ ಚೌಕಿ ನೋಡಿರೋರಿಗಂತೂ ಆ ಒಂದು ಗಂಟೆನೇ ಜಾಸ್ತಿ ಇಷ್ಟ ಆಗುತ್ತೆ. ಆಟ ಮುಗಿದ ಮೇಲೆ ಹತ್ತು ನಿಮಿಷ ನಡೆದ್ರೆ ರೂಮು. ಎರ್ನಾಕುಲಂನಲ್ಲಿ ರೂಮ್ ಇದ್ರೆ ಬೋಟ್ ತಪ್ಪಿಹೋಗುತ್ತೆ ಅಂತ ಗಡಿಯಾರ ನೋಡ್ತಾನೇ ಕೂತಿರ್ಬೇಕು, ರಾತ್ರಿ ಬೋಟ್ ಓಡೋದು ನಿಂತ ಮೇಲೆ ರಸ್ತೆಲಿ ತೋಪ್ಪುಂಪಡಿ, ವಿಲ್ಲಿಂಗ್ಡನ್ ದ್ವೀಪ ಸುತ್ತಿ ಸೇತುವೆ ದಾಟಿ ಹೋಗೋದು ಅಂದ್ರೆ ಟ್ರಾಫಿಕ್ ಇದ್ದಾಗ ಒಂದು ಗಂಟೆ ಹಿಡಿದ್ರೂ ಹಿಡಿಯಿತು. ಮ್ಯಾಪಲ್ಲಿ ಎದುರುಬದುರು ಕಾಣುತ್ತೆ, ಮಧ್ಯ ಇರೋ ಹಿನ್ನೀರನ್ನ ಲೆಕ್ಕಕ್ಕೆ ತಗೊಳ್ದೆ ಜನ ಬುಕ್ ಮಾಡ್ಬಿಡ್ತಾರೆ.

ಈಗ ಅತ್ತೆಯವರ ವಿಷ್ಯ, ಇದು ನಿಜವಾಗ್ಲೂ ಯೋಚನೆ ಮಾಡ್ಬೇಕಾದ್ದು. ಫೋರ್ಟ್ ಕೊಚ್ಚಿಲಿ ಜಾಸ್ತಿ ಇರೋದು ಹೋಮ್‌ಸ್ಟೇಗಳು, ಹಳೇ ಮನೆಗಳು, ಬಾಡಿಗೆಗೆ ಕೊಡೋ ರೂಮು ಎಷ್ಟೋ ಕಡೆ ಮಹಡಿ ಮೇಲಿರುತ್ತೆ, ಲಿಫ್ಟ್ ಇರಲ್ಲ. ಹಂಗಾಗಿ ಆನ್‌ಲೈನಲ್ಲಿ ಒತ್ತಿ ಬಿಡ್ಬೇಡಿ, ಫೋನ್ ಮಾಡಿ ನೆಲಮಹಡಿ ರೂಮ್ ಇದ್ಯಾ, ಬಾತ್‌ರೂಮಿಗೆ ಮೆಟ್ಟಿಲಿದ್ಯಾ, ವೆಸ್ಟರ್ನ್ ಕಮೋಡಾ, ಆಟೋ ಗೇಟ್ ತನಕ ಬರುತ್ತಾ, ಇಷ್ಟು ಕೇಳಿ. ಸೇಂಟ್ ಫ್ರಾನ್ಸಿಸ್ ಚರ್ಚು, ಪರೇಡ್ ಗ್ರೌಂಡು, ಪ್ರಿನ್ಸೆಸ್ ಸ್ಟ್ರೀಟ್ ಇವುಗಳ ಆಸುಪಾಸಲ್ಲಿ ರೂಮ್ ಸಿಕ್ಕಿದ್ರೆ ಎಲ್ಲ ಸಮತಟ್ಟು, ದೊಡ್ಡ ದೊಡ್ಡ ಮಳೆಮರಗಳ ನೆರಳಿದೆ, ಅವರು ಅಲ್ಲಲ್ಲಿ ಕೂತ್ಕೊಂಡು ನಿಧಾನಕ್ಕೆ ಬರಬಹುದು. ಆ ಚರ್ಚಲ್ಲೇ 1524ರಲ್ಲಿ ತೀರ್ಕೊಂಡ ವಾಸ್ಕೋ ಡ ಗಾಮನ್ನ ಮೊದಲು ಹೂಳಿದ್ದು, ಆಮೇಲೆ ಅಸ್ಥಿನ ಪೋರ್ಚುಗಲ್ಲಿಗೆ ತಗೊಂಡೋದ್ರು, ಸಮಾಧಿ ಕಲ್ಲು ಈಗ್ಲೂ ಇದೆ, ಮಕ್ಕಳು ಪಾಠದಲ್ಲಿ ಓದಿರ್ತಾರೆ. ಪಕ್ಕದ ಏರಿಯಾ ಮಟ್ಟಾಂಚೇರಿಲಿರೋ ಅರಮನೆ ಮಾತ್ರ ಮಹಡಿ ಮೇಲಿದೆ, ಅಲ್ಲಿ ಮೆಟ್ಟಿಲು ಹತ್ಲೇಬೇಕು, ಆದ್ರೆ ಆ ರಾಮಾಯಣದ ಭಿತ್ತಿಚಿತ್ರಗಳನ್ನ ಅವರಂಥ ಹಿರಿಯರೇ ನೋಡ್ಬೇಕು, ಕೈಹಿಡಿದು ನಿಧಾನಕ್ಕೆ ಕರ್ಕೊಂಡೋಗಿ.

ಆ ಕಡೆ ಈ ಕಡೆ ಓಡಾಡೋಕೆ ವಾಟರ್ ಮೆಟ್ರೋ ಅನ್ನೋ ಹೊಸ ಬೋಟ್ ಹಿಡೀರಿ, 2023ರಲ್ಲಿ ಶುರುವಾಗಿದ್ದು, ಹೈಕೋರ್ಟ್ ಸ್ಟಾಪಿಂದ ಫೋರ್ಟ್ ಕೊಚ್ಚಿಗೆ ಬರುತ್ತೆ, ಏಸಿ ಇದೆ, ಬೋಟ್ ಹತ್ತೋ ಕಟ್ಟೆ ನೀರಿನ ಜೊತೆನೇ ತೇಲೋದ್ರಿಂದ ಬೋಟಿಗೆ ಸಮವಾಗಿರುತ್ತೆ, ಮಂಡಿನೋವಿನವ್ರು ಎತ್ತಿ ಕಾಲಿಡ್ಬೇಕಾಗಿಲ್ಲ. ಹಳೇ ಸರ್ಕಾರಿ ಬೋಟು ತುಂಬಾ ಅಗ್ಗ, ಮಕ್ಕಳಿಗೆ ಖುಷಿ, ಆದ್ರೆ ಹತ್ತಿಳಿಯೋದು ಅತ್ತೆಯವರಿಗೆ ಕಷ್ಟ.

ವಾಪಸ್ ಬರೋ ಟ್ರೈನು ಬೆಳಗಿನ ಜಾವ ಇದ್ರೆ ಕೊನೇ ರಾತ್ರಿ ಒಂದನ್ನ ಎರ್ನಾಕುಲಂಗೆ ಬದಲಾಯಿಸ್ಕೊಳ್ಳಿ. ಟಿಕೆಟ್ಟಲ್ಲಿ ಎರ್ನಾಕುಲಂ ಜಂಕ್ಷನ್ ಅಂತಿದ್ಯೋ ಟೌನ್ ಅಂತಿದ್ಯೋ ನೋಡ್ಕೊಳ್ಳಿ, ಅಲ್ಲಿನವ್ರು ಸೌತ್, ನಾರ್ತ್ ಅಂತಾರೆ, ಎರಡೂ ಬೇರೆ ಬೇರೆ ಸ್ಟೇಷನ್ನು. ಇನ್ನೊಂದು, ಶುಕ್ರವಾರ ಶನಿವಾರ ಜೋಡಿಸ್ಕೊಂಡು ಹೋಗ್ಬೇಡಿ, ಶುಕ್ರವಾರ ಅರಮನೆ ಮುಚ್ಚಿರುತ್ತೆ, ಶನಿವಾರ ಮಟ್ಟಾಂಚೇರಿಲಿರೋ ಯಹೂದಿಗಳ ಪ್ರಾರ್ಥನಾ ಮಂದಿರ ಸಿನಗಾಗ್ ಮುಚ್ಚಿರುತ್ತೆ.

ಪ್ರಶ್ನೆ: ನಾವು ಮೂರು ಜನ ಫ್ರೆಂಡ್ಸ್, ಕಾಲೇಜ್ ಓದ್ತಿದೀವಿ, ಬಜೆಟ್ ಕಮ್ಮಿ. ಮಟ್ಟಾಂಚೇರಿಲಿ ಉಳ್ಕೊಂಡ್ರೆ ಹೆಂಗೆ ಅಕ್ಕ?
– ಪುತ್ತೂರಿನ ಓದುಗರು

ಉತ್ತರ: ಚೆನ್ನಾಗೇ ಇರುತ್ತೆ ಕಣಪ್ಪ, ಆದ್ರೆ ಮಟ್ಟಾಂಚೇರಿ ಅಂದ್ರೆ ಹಳೇ ವ್ಯಾಪಾರದ ಏರಿಯಾ ಅಂತ ಗೊತ್ತಿದ್ದು ಹೋಗಿ. ಬಜಾರ್ ರೋಡಲ್ಲಿ ಶುಂಠಿ, ಮೆಣಸು, ಅಕ್ಕಿ ಗೋಡೌನುಗಳು, ಲಾರಿ, ಹಮಾಲರು, ಹಗಲೆಲ್ಲ ಗಲಾಟೆ, ಯಹೂದಿಗಳ ಹಳೇ ಬೀದಿ ಜೂ ಟೌನ್‌ನ ಅಂಗಡಿಗಳು ಮುಚ್ಚಿದ ಮೇಲೆ ಬೀದಿ ಖಾಲಿ. ನನಗೆ ಫೋರ್ಟ್ ಕೊಚ್ಚಿಗಿಂತ ಮಟ್ಟಾಂಚೇರಿನೇ ಜಾಸ್ತಿ ಇಷ್ಟ, ಅಲ್ಲಿ ಜನ ಇನ್ನೂ ಅವರ ಪಾಡಿಗೆ ಬದುಕ್ತಿದಾರೆ. ಚೆರ್ಲಾಯಿ ಕಡೆ ಹೋದ್ರೆ ನಿಮ್ಮ ಕರಾವಳಿಲಿ ಕೇಳೋ ಕೊಂಕಣಿ ಕಿವಿಗೆ ಬೀಳುತ್ತೆ, ಗೌಡ ಸಾರಸ್ವತರ ತಿರುಮಲ ದೇವಸ್ಥಾನ ಇದೆ, ಗುಜರಾತಿಗಳ ಬೀದಿ ಇದೆ, ಸಸ್ಯಾಹಾರಿಗಳಿಗೆ ಊಟದ ಚಿಂತೆ ಇಲ್ಲ, ಫೋರ್ಟ್ ಕೊಚ್ಚಿ ಕೆಫೆಗಳ ರೇಟೂ ಇಲ್ಲ. ಅಲ್ಲಿಂದ ಫೋರ್ಟ್ ಕೊಚ್ಚಿಗೆ ಎರಡು ಮೂರು ಕಿಲೋಮೀಟ್ರು, ಸೈಕಲ್ ಬಾಡಿಗೆಗೆ ಸಿಕ್ಕಿದ್ರೆ ಸಾಕು. ಆಟೋದವ್ರು ತೀರಾ ಕಮ್ಮಿ ದುಡ್ಡಿಗೆ ಊರೆಲ್ಲ ತೋರಿಸ್ತೀನಿ ಅಂದ್ರೆ ಕಮಿಷನ್ ಕೊಡೋ ಅಂಗಡಿಗಳಿಗೇ ಕರ್ಕೊಂಡೋಗೋದು ಜಾಸ್ತಿ, ಮೊದಲೇ ಅಂಗಡಿ ಬೇಡ ಅಂತ ಹೇಳ್ಬಿಡಿ.

ಪ್ರಶ್ನೆ: ರಿಟೈರ್ ಆಗಿದೀವಿ, ನಾವಿಬ್ರೇ. ಸಮುದ್ರ ಕಾಣ್ಬೇಕು, ನೀರಿಗೆ ಇಳೀಬೇಕು, ಸದ್ದು ಇರ್ಬಾರ್ದು. ಫೋರ್ಟ್ ಕೊಚ್ಚಿ ಬೀಚ್ ಪಕ್ಕ ಮಾಡೋಣ್ವಾ?
– ಮೈಸೂರಿನ ಓದುಗರು

ಉತ್ತರ: ಬೇಡ ಸರ್. ಫೋರ್ಟ್ ಕೊಚ್ಚಿ ಬೀಚು ಸಂಜೆ ಓಡಾಡೋಕೆ ಚಂದ, ಇಳಿಯೋಕಲ್ಲ, ಕಲ್ಲು, ಸೆಳೆತ, ಹಡಗು ಹೋಗೋ ದಾರಿ ಬೇರೆ. ನೀವು ವೈಪಿನ್ ದ್ವೀಪದ ಉತ್ತರಕ್ಕಿರೋ ಚೆರಾಯಿಗೆ ಹೋಗಿ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಿನ್ನೀರು, ಮಧ್ಯ ಸಣ್ಣ ರಸ್ತೆ. ಶನಿವಾರ ಭಾನುವಾರ ಬಿಟ್ಟು ಹೋದ್ರೆ ನಿಜವಾಗ್ಲೂ ಸದ್ದಿರಲ್ಲ. ಫೋರ್ಟ್ ಕೊಚ್ಚಿಯಿಂದ ವೈಪಿನ್‌ಗೆ ಕಾರನ್ನೂ ಹತ್ತಿಸ್ಕೊಳ್ಳೋ ರೋ-ರೋ ಫೆರಿ ಇದೆ, ಅಲ್ಲಿಂದ ಇಪ್ಪತ್ತು ಕಿಲೋಮೀಟರ್ ಮೇಲಿದೆ ಚೆರಾಯಿ, ದಿನಾ ಹೋಗಿಬರೋ ದೂರ ಅಲ್ಲ. ಅದಕ್ಕೆ ರಾತ್ರಿಗಳನ್ನ ಹಂಚ್ಕೊಂಡು ಮೊದಲು ಊರು, ಆಮೇಲೆ ಬೀಚು ಅಂತ ಇಟ್ಕೊಳ್ಳಿ. ವಿಮಾನಕ್ಕೆ ಹೋಗೋದಾದ್ರೂ ಏರ್‌ಪೋರ್ಟ್ ನೆಡುಂಬಾಶೇರಿಲಿ ಇರೋದ್ರಿಂದ ಫೋರ್ಟ್ ಕೊಚ್ಚಿಗಿಂತ ಚೆರಾಯಿಯಿಂದ ಹತ್ತಿರ.

ಪ್ರಶ್ನೆ: ಡಿಸೆಂಬರ್ 31ಕ್ಕ ಫೋರ್ಟ್ ಕೊಚ್ಚಿಗೆ ಹೋಗೋ ವಿಚಾರ ಐತ್ರಿ, ಎಲ್ಲಿ ಉಳ್ಕೊಬೇಕ್ರಿ?
– ಹುಬ್ಬಳ್ಳಿಯ ಓದುಗರು

ಉತ್ತರ: ಆವತ್ತು ಒಂದೇ ಒಂದು ಮಾತು, ರೂಮು ಫೋರ್ಟ್ ಕೊಚ್ಚಿ ಒಳಗೇ ಇರ್ಬೇಕು, ಇಲ್ಲಾಂದ್ರೆ ಆವತ್ತು ಬರ್ಲೇಬೇಡಿ. ಹೊಸ ವರ್ಷದ ಹೊತ್ತಿಗೆ ಕೊಚ್ಚಿನ್ ಕಾರ್ನಿವಲ್ ನಡೆಯುತ್ತೆ, ಮಧ್ಯರಾತ್ರಿ ಪಪ್ಪಾಂಜಿ ಅನ್ನೋ ಮುದುಕನ ಗೊಂಬೆ ಸುಡ್ತಾರೆ, ಹಳೇ ವರ್ಷ ಹೋಯ್ತು ಅಂತ. ಜನಸಾಗರ. ವಾಹನ ಒಳಗೆ ಬಿಡಲ್ಲ, ಸುಟ್ಟಾದ್ಮೇಲೆ ಎಲ್ಲರೂ ಒಟ್ಟಿಗೆ ಜೆಟ್ಟಿ ಕಡೆ ಬಸ್ ಕಡೆ ನುಗ್ತಾರೆ, ಮಕ್ಕಳು ವಯಸ್ಸಾದವ್ರು ಇದ್ರೆ ಆ ನೂಕುನುಗ್ಗಲಲ್ಲಿ ಸಿಕ್ಕಾಕೊಳ್ಳೋದು ಅಪಾಯ. 31ರ ಮಧ್ಯಾಹ್ನದ ಒಳಗೆ ಬಂದು ರೂಮ್ ಸೇರ್ಕೊಳ್ಳಿ, ಆಮೇಲೆ ನಡ್ಕೊಂಡೇ ಓಡಾಡಿ. ಜನವರಿ 1ರ ಮಧ್ಯಾಹ್ನ ದೊಡ್ಡ ಮೆರವಣಿಗೆ ಇರುತ್ತೆ, ರಸ್ತೆ ಮತ್ತೆ ಬಂದ್, ವಾಪಸ್ ಟಿಕೆಟ್ಟನ್ನ 2ನೇ ತಾರೀಖಿಗೆ ಮಾಡಿಸಿ.